ಖಾನಾವಳಿಗೆ ಸ್ಟೇಕ್‌ಹೌಸ್ ಟೆಂಪ್ಲೇಟು: ಹುಬ್ಬಳ್ಳಿಯ ಒಂದು ವೆಬ್‌ಸೈಟಿನ ಪ್ರಕರಣ

ಹುಬ್ಬಳ್ಳಿಯ ಒಂದು ಸಣ್ಣ ಖಾನಾವಳಿ. ತಾಯಿ, ಮಗ ಸೇರಿ ನಡೆಸುತ್ತಾರೆ. ಹೆಸರು ಹಾಕಬೇಡ್ರಿ ಅಂದಿದ್ದಾರೆ, ಹಾಕುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ, ರಾತ್ರಿ ಏಳೂವರೆಯಿಂದ ಹತ್ತು. ಊಟ ಅಂದ್ರೆ ಒಂದೇ ಊಟ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಝುಣಕ ಇಲ್ಲವೇ ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ಇದರ ಪಕ್ಕದಲ್ಲಿ ಇನ್ನೊಂದು ವ್ಯಾಪಾರ ಇದೆ. ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ. ಮದುವೆ, ಗೃಹಪ್ರವೇಶ, ಜಾತ್ರೆ, ರಜೆ ಮುಗಿಸಿ ಬೆಂಗಳೂರಿಗೆ ಹೊರಟ ಮಕ್ಕಳ ಚೀಲ, ಎಲ್ಲದಕ್ಕೂ ಇವರ ರೊಟ್ಟಿ ಹೋಗುತ್ತದೆ. ಲಾಭ ಇರುವುದೂ ಇದರಲ್ಲೇ.

ಇಂಥ ಜಾಗದ ವೆಬ್‌ಸೈಟಿಗೆ ರೆಡಿಮೇಡ್ ಟೆಂಪ್ಲೇಟ್ (ಮೊದಲೇ ಮಾಡಿಟ್ಟ ವಿನ್ಯಾಸ) ಹಾಕಿದಾಗ ಏನೇನಾಯಿತು ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಎರಡನೇ ಸುತ್ತಿನಲ್ಲಿ, ಸೈಟ್ ಕೆಟ್ಟ ಮೇಲೆ.

ಮೊದಲು ಇವರಿಗೆ ಗೂಗಲ್ ಪುಕ್ಕಟೆ ಕೊಡುತ್ತಿದ್ದ ಸೈಟ್ ಇತ್ತು. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಂಡವರಿಗೆ ಅಲ್ಲೇ ಒಂದು ಬಟನ್ ಒತ್ತಿದರೆ ಒಂದೇ ಪುಟದ ಸೈಟ್ ಆಗುತ್ತಿತ್ತಲ್ಲ, ವಿಳಾಸದ ಕೊನೆಗೆ 'ಬಿಸಿನೆಸ್ ಡಾಟ್ ಸೈಟ್' ಅಂತ ಬರುತ್ತಿತ್ತಲ್ಲ, ಅದು. ನೋಡಲಿಕ್ಕೆ ಏನೂ ಇರಲಿಲ್ಲ. ಆದರೆ ಟೈಮು, ಫೋನು, ದಾರಿ ಮೂರೂ ಸರಿಯಾಗಿ ಸಿಗುತ್ತಿದ್ದವು. ಮಗ ಆ ವಿಳಾಸಕ್ಕೆ ಕ್ಯೂಆರ್ ಕೋಡ್ ಮಾಡಿಸಿ ಟೇಬಲ್ಲಿಗೆ, ಚಟ್ನಿಪುಡಿ ಪ್ಯಾಕೆಟ್ಟಿಗೆ ಅಂಟಿಸಿದ್ದ. 2024ರ ಮಾರ್ಚಿನಲ್ಲಿ ಗೂಗಲ್ ಆ ಸೈಟುಗಳನ್ನೆಲ್ಲ ಮುಚ್ಚಿತು. ಜೂನ್ 10ರ ತನಕ ಹಳೇ ವಿಳಾಸಕ್ಕೆ ಬಂದವರನ್ನು ಪ್ರೊಫೈಲಿಗೆ ದಾಟಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಪ್ಯಾಕೆಟ್ ಮೇಲಿನ ಸ್ಟಿಕರ್ ಸ್ಕ್ಯಾನ್ ಮಾಡಿದವರಿಗೆ ಏನೂ ತೆರೆಯುತ್ತಿರಲಿಲ್ಲ.

ಮಗ ಊರಿನ ಒಂದು ಏಜೆನ್ಸಿಗೆ ಹೋದ. ಅವರು ಲ್ಯಾಪ್‌ಟಾಪಿನಲ್ಲಿ ಒಂದಷ್ಟು ಡೆಮೊ ತೋರಿಸಿದರು. ಕಪ್ಪು ಹಿನ್ನೆಲೆ, ಬಂಗಾರದ ಬಣ್ಣದ ಅಕ್ಷರ, ಹಬೆಯಾಡುವ ಮಾಂಸದ ತುಂಡು, ಹಿಂದೆ ಓಡುವ ವಿಡಿಯೋ. ಸ್ಟೇಕ್‌ಹೌಸಿಗೆ, ಅಂದರೆ ಮಾಂಸದ ಹೋಟೆಲಿಗೆ ಅಂತ ಮಾಡಿದ್ದು. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದ ಥೀಮು (ಟೆಂಪ್ಲೇಟಿಗೆ ಅಲ್ಲಿನ ಹೆಸರು), ಐವತ್ತು ಅರವತ್ತು ಡಾಲರಿನ ಆಸುಪಾಸು. 'ಇದರಾಗ ನಿಮ್ಮ ಫೋಟೋ ಹಾಕಿದ್ರ ಮುಗೀತ್ರಿ' ಅಂದರಂತೆ. ಮಗನಿಗೂ ಇಷ್ಟವಾಯಿತು. ಇಷ್ಟವಾಗದೆ ಇರಲಿಕ್ಕೆ ಕಾರಣವೇ ಇಲ್ಲ. ಡೆಮೊ ಇರುವುದೇ ಇಷ್ಟವಾಗಲಿಕ್ಕೆ.

ಟೆಂಪ್ಲೇಟಿನ ಒಳಗೆ ಆಗಲೇ ಒಂದು ಹೋಟೆಲ್ ಇತ್ತು

ರೆಡಿಮೇಡ್ ಟೆಂಪ್ಲೇಟು ಅಂದರೆ ಖಾಲಿ ಡಬ್ಬಿ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ. ಅದನ್ನು ಮಾಡಿದವನ ತಲೆಯಲ್ಲಿ ಒಂದು ಹೋಟೆಲ್ ಇರುತ್ತದೆ, ಆ ಹೋಟೆಲಿಗೆ ಬೇಕಾದ ಖಾನೆಗಳನ್ನು ಅವನು ಮಾಡಿಟ್ಟಿರುತ್ತಾನೆ. ಈ ಥೀಮಿನಲ್ಲಿದ್ದ ಹೋಟೆಲಿಗೆ ಜನ ಮೊದಲೇ ಟೇಬಲ್ ಬುಕ್ ಮಾಡಿ ಬರುತ್ತಾರೆ. ಮೆನು ಸ್ಟಾರ್ಟರ್, ಮೇನ್ ಕೋರ್ಸ್, ಡೆಸರ್ಟ್, ವೈನ್ ಅಂತ ನಾಲ್ಕು ಭಾಗ. ಪ್ರತಿ ಪದಾರ್ಥಕ್ಕೂ ಬೇರೆ ಬೇರೆ ರೇಟು. ಕೈಕಟ್ಟಿ ನಿಂತ ನಾಲ್ಕು ಮಂದಿ ಶೆಫ್‌ಗಳು. ಬೆಳಗ್ಗೆಯಿಂದ ರಾತ್ರಿ ತನಕ ಬಾಗಿಲು ತೆರೆದೇ ಇರುತ್ತದೆ, ಅದಕ್ಕೇ ದಿನಕ್ಕೆ ಒಂದೇ ಜೋಡಿ ಸಮಯ ತುಂಬುವ ಜಾಗ.

ಏಜೆನ್ಸಿಯವರು ಈ ಖಾನೆಗಳನ್ನು ತೆಗೆಯಲಿಲ್ಲ, ತುಂಬಿಸಿದರು. ಒಂದು ತಾಟಿನ ಊಟವನ್ನು ಒಡೆದು ಹಂಚಿದರು. ಶೇಂಗಾ ಚಟ್ನಿ ಸ್ಟಾರ್ಟರ್ ಆಯಿತು! ಎಣ್ಣೆಗಾಯಿ ಮೇನ್ ಕೋರ್ಸ್. ಮೊಸರನ್ನು ಎಲ್ಲಿಡಬೇಕೋ ತಿಳಿಯದೆ ಡೆಸರ್ಟಿನಲ್ಲಿಟ್ಟರು. ಒಂದೊಂದಕ್ಕೂ ರೇಟ್ ಬೇಕಲ್ಲ, ಖಾನೆ ಖಾಲಿ ಬಿಟ್ಟರೆ 'ಸೊನ್ನೆ ರೂಪಾಯಿ' ಅಂತ ಕಾಣುತ್ತಿತ್ತು, ಹಾಗಾಗಿ ಏನೋ ಒಂದು ರೇಟ್ ಹಾಕಿದರು. ಅದನ್ನು ನೋಡಿ ಬಂದ ಗಿರಾಕಿಯೊಬ್ಬರು ಬರೀ ಎಣ್ಣೆಗಾಯಿ ಒಂದು ಪ್ಲೇಟ್ ಕೊಡಿ ಅಂತ ಕೂತರು. ಮಧ್ಯಾಹ್ನದ ಗದ್ದಲದಲ್ಲಿ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಫೋಟೋಗಳದ್ದು ಇನ್ನೊಂದು ಕತೆ. ಮಾಂಸದ ಫೋಟೋ ತೆಗೆದರು, ಸದ್ಯ. ಇವರದ್ದು ಅಪ್ಪಟ ಸಸ್ಯಾಹಾರಿ ಖಾನಾವಳಿ. ಅದರ ಜಾಗಕ್ಕೆ ಇಂಟರ್ನೆಟ್ಟಿನಲ್ಲಿ 'ಇಂಡಿಯನ್ ಥಾಲಿ' ಅಂತ ಹುಡುಕಿ ಸಿಕ್ಕಿದ್ದನ್ನು ಹಾಕಿದರು. ತಾಟಿನಲ್ಲಿ ನಾನ್, ಪನೀರ್, ಗುಲಾಬ್ ಜಾಮೂನು. ತಾಯಿಗೆ ಮಗ ಮೊಬೈಲಿನಲ್ಲಿ ಸೈಟ್ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: 'ಇದು ಯಾರ ಹೋಟ್ಲೋ?'

ಕಳೆದುಹೋದ ಆರ್ಡರು

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನನ್ನು ಕರೆಸಿದ್ದು ಬೇರೆ ಕಾರಣಕ್ಕೆ.

ಗದಗಿನ ಕಡೆಯ ಒಬ್ಬರು ಗೃಹಪ್ರವೇಶಕ್ಕೆ ರೊಟ್ಟಿ ಬೇಕು ಅಂತ ಸೈಟಿಗೆ ಬಂದರು. ಸೈಟಿನಲ್ಲಿ ಖಡಕ್ ರೊಟ್ಟಿಯ ಸುದ್ದಿಯೇ ಇರಲಿಲ್ಲ, ಯಾಕಂದ್ರೆ ಏಜೆನ್ಸಿಯವರು ಆಗ ಚಾಲೂ ಮಾಡಿದ್ದ ಪುಟಗಳಲ್ಲಿ ಅದಕ್ಕೆ ಖಾನೆ ಇರಲಿಲ್ಲ. ಇದ್ದ ಒಂದೇ ಫಾರ್ಮ್ ಟೇಬಲ್ ಬುಕಿಂಗಿನದ್ದು. ಅವರು ಅದನ್ನೇ ತುಂಬಿದರು. ಎಷ್ಟು ಮಂದಿ ಅನ್ನುವಲ್ಲಿ 'ಒಬ್ಬರು', ಸಮಯ ಸಂಜೆ ಏಳು, ವಿಶೇಷ ಬೇಡಿಕೆ ಅನ್ನುವ ಕಡೆ '500 ಖಡಕ್ ರೊಟ್ಟಿ, 2 ಕೆಜಿ ಶೇಂಗಾ ಚಟ್ನಿ, ಗುರುವಾರ ಬಂದು ಒಯ್ಯುತ್ತೇವೆ'. ಬಟನ್ ಒತ್ತಿದ ಕೂಡಲೇ ಹಸಿರು ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂತು: ಧನ್ಯವಾದ, ನಿಮ್ಮ ಬುಕಿಂಗ್ ಖಚಿತವಾಗಿದೆ.

ಖಚಿತ ಮಾಡಿದವರು ಯಾರು? ಯಾರೂ ಇಲ್ಲ. ಫಾರ್ಮಿನ ಜೊತೆ ಬಂದ ರೆಡಿ ವಾಕ್ಯ ಅದು. ಮೇಲ್ ಮಾತ್ರ ಮಗನ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿತ್ತು. ಬೇರೇನೂ ಹೊಂದಿಸದಿದ್ದರೆ ವರ್ಡ್‌ಪ್ರೆಸ್ ಮೇಲನ್ನು ಸರ್ವರಿನಿಂದ ತಾನೇ ನೇರವಾಗಿ ಕಳಿಸುತ್ತದೆ. ಅಗ್ಗದ ಶೇರ್ಡ್ ಹೋಸ್ಟಿಂಗು, ಡೊಮೇನಿಗೆ (ಸೈಟಿನ ವಿಳಾಸದ ಹೆಸರಿಗೆ) ಎಸ್‌ಪಿಎಫ್ ದಾಖಲೆಯೂ, ಅಂದರೆ ಆ ಹೆಸರಿನಲ್ಲಿ ಯಾವ ಸರ್ವರು ಮೇಲ್ ಕಳಿಸಬಹುದು ಅನ್ನುವ ಪಟ್ಟಿಯೂ ಇಲ್ಲ ಅಂದ್ರೆ ಅಂಥ ಮೇಲನ್ನು ಜೀಮೇಲ್ ನಂಬುವುದಿಲ್ಲ. ಗುರುವಾರ ಆ ಮನೆಯವರು ಗಾಡಿ ತಗೊಂಡು ಬಂದು ನಿಂತರು. 'ಬುಕ್ ಮಾಡೀವಲ್ರಿ' ಅಂತ ಮೊಬೈಲ್ ತೋರಿಸಿದರು. ಖಡಕ್ ರೊಟ್ಟಿ ಅಂದ್ರೆ ಬಡಿದು, ಬೇಯಿಸಿ, ಒಣಗಿಸಬೇಕು. ಬಂದು ನಿಂತವರಿಗೆ ಐನೂರು ಕೊಡಲಿಕ್ಕೆ ಆಗುವುದಿಲ್ಲ. ಇದ್ದಷ್ಟು ಕೊಟ್ಟು, ಗುರುತಿನ ಇನ್ನೊಂದು ಮನೆಯಿಂದ ಒಂದಷ್ಟು ತರಿಸಿ ಕಳಿಸಿದರು. ಮರ್ಯಾದೆ ಅರ್ಧ ಉಳಿಯಿತು ಅಂತ ಅಕ್ಕಾರ (ತಾಯಿಯನ್ನು ನಾನು ಕರೆಯುವುದು ಹಾಗೆ) ಲೆಕ್ಕ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ದೊಡ್ಡ ತಪ್ಪು ಆ ಹಸಿರು ಪಟ್ಟಿಯೇ. ಕೆಟ್ಟ ಫೋಟೋ ಇದ್ದರೆ ಗಿರಾಕಿ ಮುಖ ಸಿಂಡರಿಸುತ್ತಾನೆ, ಅಷ್ಟೇ. ಯಾರೂ ನೋಡದ ಫಾರ್ಮು 'ಆಯ್ತು' ಅಂತ ಮಾತು ಕೊಟ್ಟರೆ ಆ ಮಾತು ಅಂಗಡಿಯ ತಲೆಗೆ ಬರುತ್ತದೆ.

ರೊಟ್ಟಿ 'ರೊಟಿ' ಆಗಿದ್ದು

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಈ ಭಾಗ ಕೆಲಸಕ್ಕೆ ಬರುತ್ತದೆ. ಥೀಮಿನ ಶೀರ್ಷಿಕೆಗೆ ಪ್ಲೇಫೇರ್ ಡಿಸ್‌ಪ್ಲೇ ಅನ್ನುವ ಫಾಂಟು. ಚೆಂದದ ಫಾಂಟೇ, ಆದರೆ ಅದರಲ್ಲಿ ಕನ್ನಡ ಇಲ್ಲ. ಹಾಗಾಗಿ ಫೋನು, ಕಂಪ್ಯೂಟರು ತನ್ನ ಹತ್ತಿರ ಇರುವ ಯಾವುದೋ ಕನ್ನಡ ಫಾಂಟ್ ತಂದು ಕೂರಿಸುತ್ತದೆ. ಆಂಡ್ರಾಯ್ಡಿನಲ್ಲಿ ಒಂದು ಥರ, ವಿಂಡೋಸಿನಲ್ಲಿ ಇನ್ನೊಂದು ಥರ. ಅದಾದರೂ ಪರವಾಗಿಲ್ಲ. ಶೀರ್ಷಿಕೆಯ ಸಾಲಿನ ಎತ್ತರ 1.1 ಅಂತ ಇತ್ತು, ಉಳಿದದ್ದನ್ನು ಮರೆಮಾಡು ಅನ್ನುವ ಸೂಚನೆ ಬೇರೆ. ಇಂಗ್ಲಿಷಿಗೆ ಅಷ್ಟು ಎತ್ತರ ಸಾಕು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತವಲ್ಲ, ಅಲ್ಲಿ ಕತ್ತರಿ ಬಿತ್ತು. 'ರೊಟ್ಟಿ' ಹೋಗಿ 'ರೊಟಿ', 'ಎಣ್ಣೆಗಾಯಿ' ಹೋಗಿ 'ಎಣೆಗಾಯಿ'. ಏಜೆನ್ಸಿಯವರಿಗೆ ಕೇಳಿದ್ದಕ್ಕೆ ಟೈಪಿಂಗ್ ಮಿಸ್ಟೇಕ್ ಇರಬಹುದು ಅಂದರಂತೆ. ಟೈಪ್ ಸರಿಯಾಗಿಯೇ ಇತ್ತು. ಸಾಲಿನ ಎತ್ತರ 1.5 ಮಾಡಿದ ಕೂಡಲೇ ಒತ್ತು ವಾಪಸ್ ಬಂತು.

ಅಕ್ಷರಗಳ ನಡುವೆ ಮೂರು ಪಿಕ್ಸೆಲ್ ಅಂತರ ಕೊಟ್ಟಿದ್ದರು, ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಒಪ್ಪುತ್ತದೆ. ಕನ್ನಡದಲ್ಲಿ ಪದವೇ ಚೆಲ್ಲಾಪಿಲ್ಲಿ. ಅದನ್ನು ಸೊನ್ನೆ ಮಾಡಿದೆ. ಪುಟದ ಭಾಷೆ ಇಂಗ್ಲಿಷ್ ಅಂತ ಕೋಡಿನಲ್ಲಿ ಬರೆದಿತ್ತು, ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಇದರಿಂದ ತೊಂದರೆ. ಅದನ್ನು ಕನ್ನಡ ಅಂತ ಬದಲಿಸಿದೆ. ಪುಟಗಳ ವಿಳಾಸ ಕನ್ನಡದಲ್ಲಿದ್ದವು. ಓದಲಿಕ್ಕೆ ಚೆನ್ನ, ಆದರೆ ಎಷ್ಟೋ ಸಲ ವಾಟ್ಸಾಪಿಗೆ ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಮಾರುದ್ದದ ಸರ ಆಗಿ ಬೀಳುತ್ತದೆ. ಅವನ್ನು ಮಾತ್ರ ಇಂಗ್ಲಿಷ್ ಅಕ್ಷರದ ಚಿಕ್ಕ ವಿಳಾಸ ಮಾಡಿದೆ.

ಗೂಗಲ್ ಫಾಂಟ್ಸಿನಲ್ಲಿ ಹುಬ್ಬಳ್ಳಿ ಅಂತಲೇ ಒಂದು ಕನ್ನಡ ಫಾಂಟ್ ಇದೆ. ಮಗನಿಗೆ ಅದೇ ಬೇಕು ಅಂತ ಆಸೆ. ಕೈಬರಹದ ಹಾಗೆ ದುಂಡಗೆ ಚೆನ್ನಾಗಿದೆ, ಆದರೆ ಒಂದೇ ದಪ್ಪದಲ್ಲಿ ಬರುತ್ತದೆ. ದಪ್ಪಕ್ಷರ ಕೇಳಿದರೆ ಬ್ರೌಸರು ತಾನೇ ಊದಿಸಿ ತೋರಿಸುತ್ತದೆ, ಅಕ್ಷರದೊಳಗಿನ ತೂತು ಮುಚ್ಚಿದಂತಾಗುತ್ತದೆ. ಹಾಗಾಗಿ ಹೆಸರಿನ ಬೋರ್ಡಿಗೆ ಮಾತ್ರ ಹುಬ್ಬಳ್ಳಿ, ಉಳಿದದ್ದಕ್ಕೆಲ್ಲ ನೋಟೋ ಸಾನ್ಸ್ ಕನ್ನಡ.

ಒಳಗಿನ ಸಾಮಾನು

ಪುಟದ ಅಡಿಯಲ್ಲಿ ವಿಳಾಸ ಸರಿ ಇತ್ತು. 'ಸಂಪರ್ಕಿಸಿ' ಪುಟದಲ್ಲಿ ಮಾತ್ರ ಮೆಲ್ಬೋರ್ನಿನ 121, ಕಿಂಗ್ ಸ್ಟ್ರೀಟ್ ಅಂತ ಇತ್ತು! ಮ್ಯಾಪಿನ ಗುಂಡುಸೂಜಿಯೂ ಆಸ್ಟ್ರೇಲಿಯಾದಲ್ಲೇ. ಥೀಮ್‌ಫಾರೆಸ್ಟ್ ಅನ್ನುವ ಥೀಮುಗಳ ಆನ್‌ಲೈನ್ ಮಾರುಕಟ್ಟೆ ನಡೆಸುವ ಎನ್ವಾಟೊ ಕಂಪನಿಯ ಆಫೀಸು ಇದ್ದ ವಿಳಾಸ ಅದು. ಥೀಮು ಮಾಡುವವರು ಡೆಮೊಗೆ ಅದನ್ನೇ ಬರೆಯುವುದು ರೂಢಿ, ಕೊಂಡವರು ಅಳಿಸಲು ಮರೆಯುವುದೂ ರೂಢಿ. ಹುಡುಕಿ ನೋಡಿ, ದಂತವೈದ್ಯರಿಂದ ಹಿಡಿದು ಜಿಮ್‌ವರೆಗೆ ಎಷ್ಟೊಂದು ಸೈಟುಗಳು ಆ ಒಂದೇ ಬಾಗಿಲಲ್ಲಿ ವಾಸ ಮಾಡುತ್ತಿವೆ. ಗೂಗಲ್ ಓದಲಿ ಅಂತ ಕೋಡಿನಲ್ಲಿ ಅಡಗಿಸಿಡುವ ಮಾಹಿತಿಯೂ ಡೆಮೊದ್ದೇ ಇತ್ತು. ಕಣ್ಣಿಗೆ ಕಾಣದ ಕಾರಣ ಅದನ್ನು ಯಾರೂ ಮುಟ್ಟಿರಲಿಲ್ಲ.

ಇನ್ನು ಸ್ಲೈಡರು. ಓಡುವ ಚಿತ್ರಗಳ ಪ್ಲಗಿನ್ನು (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಥೀಮಿನ ಜೊತೆಗೇ ಬಂದಿತ್ತು. ಹೀಗೆ ಜೊತೆಗೆ ಬಂದ ಪ್ಲಗಿನ್ನಿಗೆ ನಿಮ್ಮ ಹೆಸರಿನ ಲೈಸೆನ್ಸ್ ಇರುವುದಿಲ್ಲ, ಹಾಗಾಗಿ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಥೀಮಿನವರು ಹೊಸದು ಕೊಟ್ಟಾಗ ಮಾತ್ರ ಹೊಸದು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್ನಿನಲ್ಲಿ ಕಳ್ಳರು ಒಳನುಗ್ಗಬಹುದಾದ ತೂತು ಸಿಕ್ಕಿತ್ತು. ಮಾಡಿದವರು ಅದನ್ನು ಮೊದಲೇ ಸರಿಪಡಿಸಿದ್ದರೂ ಥೀಮಿನೊಳಗೆ ಕೂತಿದ್ದ ಹಳೇ ಪ್ರತಿಗಳು ಹಾಗೇ ಇದ್ದವು. ತಮ್ಮ ಸೈಟಿನಲ್ಲಿ ಆ ಪ್ಲಗಿನ್ ಇದೆ ಅಂತಲೇ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ಸೋಕ್‌ಸೋಕ್ ಅನ್ನುವ ಮಾಲ್‌ವೇರ್ ಒಂದು ಲಕ್ಷಕ್ಕೂ ಹೆಚ್ಚು ವರ್ಡ್‌ಪ್ರೆಸ್ ಸೈಟುಗಳಿಗೆ ಹೊಕ್ಕಿತು, ಗೂಗಲ್ ಹನ್ನೊಂದು ಸಾವಿರಕ್ಕೂ ಜಾಸ್ತಿ ಡೊಮೇನುಗಳನ್ನು ಕಪ್ಪುಪಟ್ಟಿಗೆ ಹಾಕಿತು.

ಲೈಸೆನ್ಸಿನ ವಿಷಯ ಕೇಳಿದೆ. ಥೀಮು ಕೊಂಡಿದ್ದು ಏಜೆನ್ಸಿಯ ಖಾತೆಯಲ್ಲಿ. ಡೊಮೇನ್ ಕೂಡ ಅವರ ಹೆಸರಿನಲ್ಲೇ. ಥೀಮ್‌ಫಾರೆಸ್ಟಿನ ಮಾಮೂಲು ಲೈಸೆನ್ಸು ಒಂದು ಸೈಟಿಗೆ ಒಂದು, ಸಹಾಯ ಆರು ತಿಂಗಳು. ಆರು ತಿಂಗಳು ಮುಗಿದಿತ್ತು. ಮುಗಿಯದಿದ್ದರೂ ಕೇಳುವ ಹಕ್ಕು ಖಾನಾವಳಿಗೆ ಇರಲಿಲ್ಲ, ಕೊಂಡವರು ಇವರಲ್ಲವಲ್ಲ. ಥೀಮಿನ ಬೆಲೆಗಿಂತ ನನಗೆ ಹೆಚ್ಚು ಕಿರಿಕಿರಿಯಾಗಿದ್ದು ಡೊಮೇನಿನ ವಿಷಯ. ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ತನಕ ಹೊಸ ಸ್ಟಿಕರ್ ಪ್ರಿಂಟ್ ಮಾಡಿಸಬೇಡಿ ಅಂತ ಮಗನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಒಂದಷ್ಟು ಫೋನ್ ಆದ ಮೇಲೆ ಕೊಟ್ಟರು, ಜಗಳವೇನೂ ಆಗಲಿಲ್ಲ.

ಏನು ಮಾಡಿದೆವು

ಮೂರು ದಾರಿ ಇತ್ತು. ಇದ್ದ ಥೀಮನ್ನೇ ರಿಪೇರಿ ಮಾಡುವುದು. ಸರಳವಾದ ಬೇರೆ ಟೆಂಪ್ಲೇಟಿಗೆ ಹೋಗುವುದು. ಇಲ್ಲವೇ ಸೈಟೇ ಬೇಡ, ಗೂಗಲ್ ಪ್ರೊಫೈಲು ಮತ್ತು ವಾಟ್ಸಾಪ್ ಬಿಸಿನೆಸ್ಸಿನ ಕ್ಯಾಟಲಾಗು ಸಾಕು ಅನ್ನುವುದು. ಬರೀ ಊಟದ ಖಾನಾವಳಿ ಆಗಿದ್ದರೆ ನಾನು ಮೂರನೆಯದನ್ನೇ ಹೇಳುತ್ತಿದ್ದೆ, ಆಗ ನನಗೆ ಕೆಲಸ ಸಿಗದಿದ್ದರೂ ಸರಿ. ರೊಟ್ಟಿ ವ್ಯಾಪಾರ ಇದ್ದದ್ದಕ್ಕೆ ಸೈಟ್ ಬೇಕಾಯಿತು.

ಟೆಂಪ್ಲೇಟ್ ಹುಡುಕುವ ಮೊದಲು ಅಕ್ಕಾರ ಹತ್ತಿರ ಕೂತು, ಫೋನ್ ಮಾಡುವವರು ಏನೇನು ಕೇಳುತ್ತಾರೆ ಅಂತ ಬರೆದುಕೊಂಡೆ. ಬಾಗಿಲು ತೆಗೆದೀರೇನ್ರಿ? ಊಟಕ್ಕೆ ಎಷ್ಟು? ರೊಟ್ಟಿ ಎಷ್ಟು ಬೇಕಾದ್ರೂ ಹಾಕ್ತೀರೇನು? ಸಜ್ಜಿ ರೊಟ್ಟಿ ಯಾವಾಗ? ಖಡಕ್ ರೊಟ್ಟಿ ಎಷ್ಟು ದಿನ ಮೊದಲು ಹೇಳಬೇಕು? ಎಷ್ಟು ದಿನ ಇರ್ತಾವು? ಗಾಡಿ ನಿಲ್ಲಿಸಲಿಕ್ಕೆ ಜಾಗ ಐತೇನು? ಇಷ್ಟೇ. ಟೇಬಲ್ ಬುಕ್ ಮಾಡಬೇಕಿತ್ತು ಅಂತ ಯಾರೂ ಫೋನ್ ಮಾಡಿದ್ದು ಅಕ್ಕಾರಿಗೆ ನೆನಪಿಲ್ಲ.

ಆ ಚೀಟಿ ಇಟ್ಟುಕೊಂಡು ನೋಡಿದರೆ ಹೋಟೆಲಿನ ಟೆಂಪ್ಲೇಟೇ ಬೇಕಿರಲಿಲ್ಲ. ವರ್ಡ್‌ಪ್ರೆಸ್ಸಿನ ಜೊತೆ ಪುಕ್ಕಟೆ ಬರುವ ಟ್ವೆಂಟಿ ಟ್ವೆಂಟಿ-ಫೋರ್ ಥೀಮು ತಗೊಂಡೆ. ಅದರಲ್ಲೂ ಬೇಡದ್ದು ಬಹಳ, ಕಿತ್ತು ಹಾಕಿದೆ. ಹಳೇ ಥೀಮಿನಿಂದ ಬರಹ ಸುಲಭವಾಗಿ ಬರಲಿಲ್ಲ. ಪುಟ ಕಟ್ಟುವ ಪ್ಲಗಿನ್ ತೆಗೆದ ಕೂಡಲೇ ಪುಟದ ತುಂಬ ಚೌಕ ಆವರಣದ ಕೋಡು ಉಳಿಯಿತು. ಕೈಯಿಂದಲೇ ಒಂದೊಂದು ಸಾಲು ಎತ್ತಿಕೊಂಡೆ. ಟೆಂಪ್ಲೇಟ್ ಕೊಳ್ಳುವ ಮುಂಚೆ ಇದನ್ನು ಕೇಳಿ: ನಾಳೆ ಈ ಥೀಮು ತೆಗೆದರೆ ನನ್ನ ಬರಹ ಬರಹವಾಗಿಯೇ ಉಳಿಯುತ್ತದೆಯಾ?

ಈಗ ಇರುವುದು ಎರಡು ಪುಟ. ಮೊದಲನೆಯದರಲ್ಲಿ ಮೇಲೆಯೇ ಎರಡು ಹೊತ್ತಿನ ಸಮಯ, ಊಟದ ಬೆಲೆ, ತಾಟಿನಲ್ಲಿ ಏನೇನು ಇರುತ್ತದೆ ಅನ್ನುವ ಒಂದೇ ಪ್ಯಾರಾ. ಮ್ಯಾಪ್ ಹುದುಗಿಸಿಲ್ಲ, ಒತ್ತಿದರೆ ಮ್ಯಾಪ್ ತೆರೆಯುವ ಕೊಂಡಿ ಇದೆ, ಅದರಿಂದ ಪುಟ ಬೇಗ ತೆರೆಯುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ಲಿನ ಅಳತೆ. ವಿಡಿಯೋ, ಸ್ಲೈಡರ್ ಹೋದ ಮೇಲೆ ಅದಕ್ಕೆ ಒದ್ದಾಡಬೇಕಾಗಲಿಲ್ಲ. ಅಡಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಅದು ಕಡ್ಡಾಯ, ಸೈಟಿನಲ್ಲೂ ಇದ್ದರೆ ಪ್ಯಾಕೆಟ್ ಕೊಳ್ಳುವವರಿಗೆ ಧೈರ್ಯ.

ಫೋಟೋ ನಾವೇ ತೆಗೆದೆವು, ಫೋನಿನಲ್ಲಿ, ಕಿಟಕಿ ಬೆಳಕಿನಲ್ಲಿ. ಶೆಫ್‌ಗಳ ಜಾಗಕ್ಕೆ ರೊಟ್ಟಿ ಬಡಿಯುವ ಹೆಂಗಸರ ಫೋಟೋ ಹಾಕೋಣ ಅಂದೆ. ಅವರು ನಕ್ಕು ಸೆರಗು ಅಡ್ಡ ಹಿಡಿದರು. 'ಮುಖ ಬ್ಯಾಡ್ರಿ ಸರ, ಕೈ ತಗೀರಿ' ಅಂತ ಒಬ್ಬರು ಹೇಳಿದ್ದೇ ಒಳ್ಳೆಯದಾಯಿತು. ಹಿಟ್ಟು ಹತ್ತಿದ ಎರಡು ಕೈ, ಕೆಳಗೆ ಅರ್ಧ ಅಗಲವಾದ ರೊಟ್ಟಿ, ಪಕ್ಕದಲ್ಲಿ ಹೆಂಚಿನ ಮೇಲೆ ನೀರು ಸವರಿದ ಇನ್ನೊಂದು. ಮೊದಲ ಪುಟಕ್ಕೆ ಅದೊಂದೇ ಚಿತ್ರ.

ಎರಡನೇ ಪುಟ ಖಡಕ್ ರೊಟ್ಟಿಯದ್ದು. ಏಜೆನ್ಸಿಯವರು ಆಮೇಲೆ ಥೀಮಿನ ಜೊತೆಗಿದ್ದ ಅಂಗಡಿ ಭಾಗವನ್ನೂ ಚಾಲೂ ಮಾಡಿದ್ದರು, ದೇಶಕ್ಕೆಲ್ಲ ಕಳಿಸುತ್ತೇವೆ, ಟ್ಯಾಕ್ಸ್ ಇಷ್ಟು ಅಂತ ಬಿಲ್ ಬರುವ ಹಾಗೆ. ಅದನ್ನು ನೋಡಿ ಇವರ ಲೆಕ್ಕ ಬರೆಯುವವರು ಹೌಹಾರಿದರು. ಖಾನಾವಳಿ ಇರುವುದು ಸಣ್ಣ ವ್ಯಾಪಾರಿಗಳಿಗೆ ಅಂತ ಇರುವ ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮಿನಲ್ಲಿ. ಅದರಲ್ಲಿ ಇರುವವರು ಗಿರಾಕಿಯಿಂದ ಟ್ಯಾಕ್ಸ್ ವಸೂಲಿ ಮಾಡುವಂತಿಲ್ಲ, ಬೇರೆ ರಾಜ್ಯಕ್ಕೆ ಮಾಲು ಮಾರುವಂತೆಯೂ ಇಲ್ಲ. ಟೆಂಪ್ಲೇಟಿನ ಒಂದು ಟಿಕ್ ಗುರುತು ಎರಡನ್ನೂ ಮಾಡುತ್ತಿತ್ತು. ಪುಣೆಯಿಂದ ಒಂದು ಆರ್ಡರ್ ಬರುವ ಮೊದಲೇ ಕಂಡಿತಲ್ಲ, ಬಚಾವ್. ಅಂಗಡಿ ಭಾಗವನ್ನೇ ತೆಗೆದು ಒಂದು ವಾಟ್ಸಾಪ್ ಬಟನ್ ಇಟ್ಟೆ. ಒತ್ತಿದರೆ 'ಖಡಕ್ ರೊಟ್ಟಿ ಎಷ್ಟು, ಚಟ್ನಿ ಯಾವುದು, ಯಾವ ದಿನ ಬೇಕು' ಅಂತ ಬರೆದ ಸಂದೇಶ ತಾನೇ ತೆರೆಯುತ್ತದೆ, ಗಿರಾಕಿ ಉತ್ತರ ತುಂಬಿ ಕಳಿಸಬೇಕು. ಬಟನ್ನಿನ ಕೆಳಗೇ ಒಂದು ಸಾಲು: ನಾವು 'ಆಯ್ತು' ಅಂತ ಉತ್ತರ ಕೊಟ್ಟ ಮೇಲೆ ಮಾತ್ರ ಆರ್ಡರ್ ಖಚಿತ.

ಆಮೇಲೆ

ಎಲ್ಲವೂ ಕೈಹಿಡಿಯಲಿಲ್ಲ. 'ಇವತ್ತಿನ ಪಲ್ಯ' ಅಂತ ಒಂದು ಸಾಲು ಇಟ್ಟಿದ್ದೆ, ಬೆಳಗ್ಗೆ ಮಗ ಬದಲಿಸಲಿ ಅಂತ. ಕೆಲವು ದಿನ ಬದಲಿಸಿದ, ಆಮೇಲೆ ವಾರಗಟ್ಟಲೆ ಪುಂಡಿ ಪಲ್ಯವೇ ನಿಂತಿತು. ಬೆಳಗ್ಗೆ ಮಾರ್ಕೆಟ್ಟಿಗೆ ಓಡುವ ಹುಡುಗ ಲಾಗಿನ್ ಆಗಿ ಕೂರುತ್ತಾನಾ? ತೆಗೆದು ಹಾಕಿದೆ. ಪಲ್ಯದ ಸುದ್ದಿ ಈಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರುತ್ತದೆ, ಅದನ್ನು ಅವನು ಒಂದು ದಿನವೂ ತಪ್ಪಿಸುವುದಿಲ್ಲ. ಟೈಮ್ ಕೇಳುವ ಫೋನ್ ಕೂಡ ನಿಂತಿಲ್ಲ. ಸೈಟ್ ನೋಡಿದವರೇ ಫೋನ್ ಮಾಡಿ ತೆಗೆದೀರೇನ್ರಿ ಅಂತ ಕೇಳುತ್ತಾರೆ. ಅದಕ್ಕೆ ಮದ್ದಿಲ್ಲ ಬಿಡಿ.

ರೊಟ್ಟಿ ಆರ್ಡರುಗಳು ಒಂದೇ ಕಡೆ, ಒಂದೇ ರೀತಿಯಲ್ಲಿ ಬರುತ್ತಿವೆ. ತಾರೀಕು, ಲೆಕ್ಕ ಎರಡೂ ಬರಹದಲ್ಲಿ ಇರುವುದರಿಂದ 'ನಾ ಮುನ್ನೂರು ಹೇಳಿದ್ದೆ' ಅನ್ನುವ ತಕರಾರು ಕಡಿಮೆ. ಮಗನಿಗೆ ಈಗ ಸೈಟಿನಲ್ಲೇ ಹಣ ಕಟ್ಟುವ ಬಟನ್ ಹಾಕಿಸುವ ಹುಮ್ಮಸ್ಸು. ಅಕ್ಕಾರು ಒಪ್ಪಿಲ್ಲ. ದೊಡ್ಡ ಆರ್ಡರ್ ಬಂದರೆ ಅವರೇ ವಾಪಸ್ ಫೋನ್ ಮಾಡುತ್ತಾರೆ, ಯಾವ ಊರು, ಯಾರ ಮನೆ ಕಾರ್ಯ ಅಂತ ವಿಚಾರಿಸುತ್ತಾರೆ, ಆಮೇಲೆ ಅರ್ಧ ದುಡ್ಡು ಫೋನ್‌ಪೇ ಮಾಡ್ರಿ ಅನ್ನುತ್ತಾರೆ. ಸದ್ಯಕ್ಕೆ ಆ ಬಟನ್ ಹಾಕಿಲ್ಲ.